ಪೆಟ್ರೋಲ್ ಓವರ್‌ಫ್ಲೋ ಆಗಿ ಮಿಸ್ ಹೊಡೆಯುವ ಹಳೆಯ ಪಿಕಪ್: ಸ್ಕ್ರೂ ಮುಟ್ಟುವ ಮೊದಲು ನೋಡಬೇಕಾದದ್ದು

ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಮಾಪುಸಾ, ಫೋಂಡಾ ಮಾರುಕಟ್ಟೆಗಳಿಗೆ ತರಕಾರಿ ತರುವ ಪಿಕಪ್‌ಗಳಲ್ಲಿ ಈಗ ಬಹುಪಾಲು ಡೀಸೆಲ್ ಗಾಡಿಗಳೇ. ಆದರೂ ಗೋವಾದಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರು ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಹಳೆಯ ಪೆಟ್ರೋಲ್ ಗಾಡಿಗಳನ್ನು, ಅಂದರೆ ಹಿಂಭಾಗ ತೆರೆದ ಹಳೆಯ ಜಿಪ್ಸಿಯಂಥವನ್ನು, ಇನ್ನೂ ದುಡಿಸುತ್ತಿದ್ದಾರೆ. ಈ ಬರಹ ಅವರಿಗಾಗಿ. ಡೀಸೆಲ್ ಗಾಡಿಯ ಕಪ್ಪು ಹೊಗೆಗೆ ಕಾರಣಗಳೇ ಬೇರೆಯಾದ್ದರಿಂದ ಇಲ್ಲಿ ಹೇಳಿದ್ದು ಅದಕ್ಕೆ ಅನ್ವಯಿಸುವುದಿಲ್ಲ.

ಬಿಸಿಯಾದ ಎಂಜಿನ್ ಐಡಲಿಂಗ್‌ನಲ್ಲಿ (ಎಕ್ಸಲರೇಟರ್ ಒತ್ತದೆ ಓಡುವಾಗ) ಕುಲುಕುತ್ತಿದ್ದರೆ, ಗೇರ್ ತೆಗೆದು ನಿಲ್ಲಿಸಿದೊಡನೆ ಬಂದ್ ಬೀಳುತ್ತಿದ್ದರೆ, ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬಂದು ಬಾನೆಟ್ ಎತ್ತಿದಾಗ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತಿದ್ದರೆ, ಸಿಲಿಂಡರಿಗೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಹೋಗುತ್ತಿದೆ ಅಥವಾ ಹೋದ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದು ತಿಳಿಯಬೇಕು. ಇಂಥ ಗಾಡಿ ಗ್ಯಾರೇಜಿಗೆ ಹೋದಾಗ ಎಷ್ಟೋ ಕಡೆ ಮೊದಲು ಕೈ ಹೋಗುವುದು ಕಾರ್ಬುರೇಟರಿನ ಮಿಕ್ಸ್ಚರ್ ಸ್ಕ್ರೂಗೆ. ನನ್ನ ದೃಷ್ಟಿಯಲ್ಲಿ ಅದು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕಾದ ಭಾಗ. ಐಡಲಿಂಗ್‌ಗೆ ಬೇಕಾದ ಅಲ್ಪ ಪೆಟ್ರೋಲನ್ನಷ್ಟೇ ಆ ಸ್ಕ್ರೂ ಹಿಡಿತದಲ್ಲಿಡುತ್ತದೆ. ಪೆಟ್ರೋಲ್ ಬೇರೆ ದಾರಿಯಿಂದ ನುಗ್ಗುತ್ತಿರುವಾಗ ಅದನ್ನು ತಿರುಗಿಸಿದರೆ ಮೂಲ ದೋಷ ಮರೆಯಾಗಿ, ಎರಡನೆಯ ದೋಷವೊಂದು ಸೇರಿಕೊಳ್ಳುತ್ತದೆ.

ಪರೀಕ್ಷೆಯನ್ನು ಬಯಲಿನಲ್ಲೇ ಮಾಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಇಂಥ ಎಂಜಿನ್ ಓಡಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಜೀವಕ್ಕೆ ಅಪಾಯವಾಗುತ್ತದೆ. ಬೀಡಿ, ಸಿಗರೇಟು, ದೀಪ ಹತ್ತಿರ ಬಾರದಿರಲಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಸೆಲ್ಫ್ ಹೊಡೆಯುವ ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಮೇಲಿನ ಗೆರೆಯನ್ನು ದಾಟಿದ್ದರೆ, ನೀರಿನಂತೆ ತೆಳುವಾಗಿ ಪೆಟ್ರೋಲಿನ ವಾಸನೆ ಬರುತ್ತಿದ್ದರೆ, ಎಂಜಿನ್ ಓಡಿಸಲೇಬಾರದು. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿದಿರುತ್ತದೆ. ಆ ಸ್ಥಿತಿಯಲ್ಲಿ ಓಡಿಸಿದರೆ ರಿಂಗುಗಳೂ ಬೇರಿಂಗುಗಳೂ ಸವೆಯುತ್ತವೆ. ಆಯಿಲ್ ಬದಲಿಸಿಯೇ ಮುಂದುವರಿಯಿರಿ.

ಪೆಟ್ರೋಲ್ ತುಂಬಿಕೊಂಡು ಎಂಜಿನ್ ಹತ್ತುತ್ತಿಲ್ಲವೆಂದರೆ, ಚೋಕ್ (ತಣ್ಣಗಿನ ಎಂಜಿನ್ ಹತ್ತಲು ಗಾಳಿ ತಡೆಯುವ ತಗಡಿನ ಗುಂಡಿ) ಪೂರ್ತಿ ಒಳಗೆ ತಳ್ಳಿ, ಎಕ್ಸಲರೇಟರನ್ನು ಒಮ್ಮೆ ನಿಧಾನವಾಗಿ ತಳಕ್ಕೆ ಒತ್ತಿ ಹಿಡಿದು, ಹತ್ತು ಸೆಕೆಂಡು ಮೀರದಂತೆ ಸೆಲ್ಫ್ ಹೊಡೆಯಬೇಕು. ಕಾಲಿನಿಂದ ಪಂಪ್ ಮಾಡಬಾರದು. ಪ್ರತಿ ಸಲ ಒತ್ತಿದಾಗಲೂ ಕಾರ್ಬುರೇಟರಿನ ಎಕ್ಸಲರೇಟರ್ ಪಂಪ್ ಇನ್ನಷ್ಟು ಪೆಟ್ರೋಲನ್ನು ಒಳಗೆ ಚಿಮ್ಮಿಸುತ್ತದೆ.

ಕಾರಣ ಹುಡುಕಲು ಮೊದಲ ಸಾಕ್ಷಿ ಸ್ಪಾರ್ಕ್ ಪ್ಲಗ್‌ಗಳು. ಎಲ್ಲವನ್ನೂ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂಬ ಕ್ರಮ ತಪ್ಪದಂತೆ ಸಾಲಾಗಿ ಇಡಿ. ಆರೋಗ್ಯವಂತ ಎಂಜಿನ್ನಿನ ಪ್ಲಗ್ ತುದಿ ತಿಳಿಕಂದು ಬಣ್ಣದ್ದಾಗಿರುತ್ತದೆ. ನಾಲ್ಕೂ ಒಂದೇ ರೀತಿ ಮಸಿ ಹಿಡಿದಿದ್ದರೆ ದೋಷ ಎಲ್ಲ ಸಿಲಿಂಡರುಗಳಿಗೂ ಸಮಾನವಾದದ್ದು, ಅಂದರೆ ಕಾರ್ಬುರೇಟರ್, ಚೋಕ್, ಏರ್ ಫಿಲ್ಟರ್ ಅಥವಾ ಒಟ್ಟಾರೆ ಕಿಡಿಯದು. ಮೂರು ಸರಿಯಿದ್ದು ಒಂದು ಮಾತ್ರ ಒದ್ದೆಯಾಗಿದ್ದರೆ ಕಾರ್ಬುರೇಟರನ್ನು ಬಿಚ್ಚುವ ಅಗತ್ಯವೇ ಇಲ್ಲ. ಆ ಸಿಲಿಂಡರಿನ ಪ್ಲಗ್, ಪ್ಲಗ್ ವೈರ್, ಕೊನೆಗೆ ಕಂಪ್ರೆಷನ್ (ಸಿಲಿಂಡರಿನೊಳಗೆ ಅದುಮುವ ಒತ್ತಡ) ನೋಡಬೇಕು. ಗೋವಾದ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಒಂದೊಂದೇ ಪ್ಲಗ್‌ಗೆ ಹಂಚುವ ಭಾಗ) ಕ್ಯಾಪಿನ ಒಳಗೆ ತೇವ ಕೂತು ಕಿಡಿ ದಾರಿ ತಪ್ಪುವುದು, ಕಡಲ ಗಾಳಿಗೆ ವೈರಿನ ತುದಿಗಳು ಹಸಿರುಗಟ್ಟುವುದು ಸಾಮಾನ್ಯ. ಕ್ಯಾಪ್ ತೆಗೆದು ಒರೆಸಿ, ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕಂಡರೂ ಕ್ಯಾಪನ್ನೇ ಬದಲಿಸಿ. ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ತೆರೆದು ಮುಚ್ಚುವ ಸಂಪರ್ಕ) ಇರುವ ಎಂಜಿನ್ನಾದರೆ ಅದರ ಅಂತರವನ್ನು ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ಇಡಬೇಕು.

ಚೋಕ್ ಮತ್ತು ಏರ್ ಫಿಲ್ಟರ್ ನೋಡಲು ಹೆಚ್ಚು ಹೊತ್ತು ಬೇಡ. ಎಂಜಿನ್ ಬಿಸಿಯಾದ ಮೇಲೆ ಚೋಕಿನ ತಗಡು ನೆಟ್ಟಗೆ ನಿಂತಿರಬೇಕು. ಡ್ಯಾಶ್‌ಬೋರ್ಡಿನ ಗುಂಡಿ ಒಳಗೆ ಹೋಗಿದ್ದರೂ ತುಕ್ಕು ಹಿಡಿದ ಕೇಬಲ್ಲಿನಿಂದಾಗಿ ತಗಡು ಅರ್ಧಕ್ಕೇ ನಿಂತಿರಬಹುದು; ಆದ್ದರಿಂದ ಗುಂಡಿಯನ್ನು ನಂಬದೆ ತಗಡನ್ನೇ ಕಣ್ಣಾರೆ ನೋಡಿ. ಧೂಳು ಕಟ್ಟಿದ ಅಥವಾ ಒದ್ದೆಯಾದ ಫಿಲ್ಟರನ್ನು ತೆಗೆದಿಟ್ಟಾಗ ಎಂಜಿನ್ ಸುಧಾರಿಸಿದರೆ ಉತ್ತರ ಸಿಕ್ಕಂತೆಯೇ.

ಇವೆರಡೂ ಸರಿಯಿದ್ದರೆ ನಾನು ಅತ್ಯಂತ ಹೆಚ್ಚು ನಂಬುವ ಪರೀಕ್ಷೆಗೆ ಬರಬೇಕು. ಏರ್ ಕ್ಲೀನರ್ ಬಿಚ್ಚಿ, ಎಂಜಿನ್ನನ್ನು ಐಡಲಿಂಗ್‌ನಲ್ಲಿ ಬಿಟ್ಟು, ಕನ್ನಡಕ ಹಾಕಿಕೊಂಡು, ಮುಖವನ್ನು ದೂರವಿಟ್ಟು ಸಣ್ಣ ಕನ್ನಡಿ ಮತ್ತು ಟಾರ್ಚಿನ ನೆರವಿನಿಂದ ಕಾರ್ಬುರೇಟರಿನ ಗಂಟಲನ್ನು ನೋಡಿ. ಬ್ಯಾಕ್‌ಫೈರ್ ಆದರೆ ಅಲ್ಲಿಂದ ಬೆಂಕಿ ಚಿಮ್ಮುತ್ತದೆ, ಬಗ್ಗಿ ಇಣುಕಬಾರದು. ಐಡಲಿಂಗ್‌ನಲ್ಲಿ ಪೆಟ್ರೋಲ್ ಬರಬೇಕಾದದ್ದು ಥ್ರಾಟಲ್ ತಗಡಿನ (ಎಕ್ಸಲರೇಟರ್ ಒತ್ತಿದಾಗ ತೆರೆಯುವ ತಗಡು) ಕೆಳಗಿನ ಸಣ್ಣ ರಂಧ್ರದಿಂದ. ಮೇಲೆ, ಗಂಟಲಿನ ನಡುವೆ ಚಾಚಿರುವ ಮುಖ್ಯ ನಳಿಕೆ ಒಣಗಿರಬೇಕು. ಆ ನಳಿಕೆಯ ತುದಿಯಲ್ಲಿ ಹನಿ ಕೂಡಿ ಕೂಡಿ ಥ್ರಾಟಲ್ ತಗಡಿನ ಮೇಲೆ ತೊಟ್ಟಿಕ್ಕುತ್ತಿದ್ದರೆ ಫ್ಲೋಟ್ ಬೌಲಿನಲ್ಲಿ (ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲಿನಲ್ಲಿ) ಪೆಟ್ರೋಲಿನ ಮಟ್ಟ ಏರಿದೆ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು.

ಮಟ್ಟ ಏರಲು ಮುಖ್ಯ ಕಾರಣಗಳು ಮೂರು: ಫ್ಲೋಟ್ (ಬಟ್ಟಲಿನ ತೇಲುಬುಂಡೆ) ಮುಳುಗಿದೆ, ನೀಡಲ್ (ಬಟ್ಟಲಿಗೆ ಪೆಟ್ರೋಲ್ ಬರುವ ದಾರಿ ಮುಚ್ಚುವ ಸೂಜಿ) ಮುಚ್ಚುತ್ತಿಲ್ಲ, ಇಲ್ಲವೇ ಪಂಪ್ ಅತಿಯಾಗಿ ಒತ್ತುತ್ತಿದೆ. ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ. ಸದ್ದಿಲ್ಲದಿದ್ದರೂ ಸಂಶಯವಿದ್ದರೆ ಬಿಸಿನೀರಿನಲ್ಲಿ ಮುಳುಗಿಸಿ. ತೂತಿದ್ದಲ್ಲಿಂದ ಗುಳ್ಳೆ ಏಳುತ್ತದೆ. ನೀಡಲನ್ನು ಬೆಳಕಿಗೆ ಹಿಡಿದು ನೋಡಿದಾಗ ಅದರ ಮೊನೆಯ ಸುತ್ತ ಉಂಗುರದಂಥ ಸವೆತ ಕಂಡರೆ ನೀಡಲ್ ಮತ್ತು ಅದರ ಸೀಟ್ ಎರಡನ್ನೂ ಒಟ್ಟಿಗೇ ಬದಲಿಸಬೇಕು, ಒಂದನ್ನು ಉಳಿಸುವುದು ಉಳಿತಾಯವಲ್ಲ. ಸವೆತವಿಲ್ಲದೆಯೂ ಕಸದ ಕಣವೊಂದು ಸಿಕ್ಕಿಕೊಂಡು ನೀಡಲ್ ತೆರೆದೇ ಇರಬಹುದು. ಈಗಿನ 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲಿನ ಮೇಲೆ ಹಲವರು ತಪ್ಪು ಹೊರಿಸುತ್ತಾರೆ. ಎಥನಾಲ್, ಗಾಳಿ-ಪೆಟ್ರೋಲ್ ಮಿಶ್ರಣವನ್ನು ತುಸು ತೆಳುವಾಗಿಸುತ್ತದೆಯೇ ಹೊರತು ಗಾಢವಾಗಿಸುವುದಿಲ್ಲ (ಗಾಢವೆಂದರೆ ಪೆಟ್ರೋಲಿನ ಪಾಲು ಹೆಚ್ಚು). ಆದರೆ ಹಳೆಯ ರಬ್ಬರನ್ನು ಕೆಡಿಸಿ, ಟ್ಯಾಂಕಿನ ಹಳೆಯ ಕೊಳೆಯನ್ನು ಕದಲಿಸುವುದರಿಂದ ಆ ಕಣಗಳು ನೀಡಲ್ಲಿಗೆ ಬಂದು ಸೇರಬಹುದು. ಹಾಗಾಗಿ ಪೈಪುಗಳನ್ನೂ ಪೆಟ್ರೋಲ್ ಫಿಲ್ಟರನ್ನೂ ಅದೇ ಸಲ ಹೊಸದು ಹಾಕಿ.

ಕಾರ್ಬುರೇಟರ್ ಗಾಡಿಗೆ ಸಾಮಾನ್ಯವಾಗಿ 3ರಿಂದ 6 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಪೆಟ್ರೋಲ್ ಒತ್ತಡ ಸಾಕು. ಹಿಂದೆ ಯಾರೋ ಇಂಜೆಕ್ಷನ್ ಗಾಡಿಯ ಎಲೆಕ್ಟ್ರಿಕ್ ಪಂಪ್ ಕೂಡಿಸಿದ್ದರೆ ಯಾವ ನೀಡಲೂ ಅದನ್ನು ತಡೆಯಲಾರದು. ಟ್ಯಾಂಕಿಗೆ ಮರಳುವ ಪೈಪ್ ಕಟ್ಟಿಕೊಂಡರೂ ಒತ್ತಡ ಏರುತ್ತದೆ. ಆಯಿಲ್‌ನಲ್ಲಿ ಪೆಟ್ರೋಲ್ ಇದ್ದು ಪ್ಲಗ್‌ಗಳು ಸರಿಯಾಗಿದ್ದರೆ, ಮೆಕ್ಯಾನಿಕಲ್ ಪಂಪಿನ ಡಯಾಫ್ರಮ್ (ಒಳಗಿನ ಪೊರೆ) ಹರಿದು ಪೆಟ್ರೋಲ್ ನೇರವಾಗಿ ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ಕೆಳಗಿನ ಆಯಿಲ್ ಇರುವ ಭಾಗಕ್ಕೆ) ಸೋರುತ್ತಿರಬಹುದು.

ಘಾಟಿಯನ್ನು ದೂರುವವರೂ ಇದ್ದಾರೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾಗಿರುವುದರಿಂದ ಗೋವಾದಲ್ಲಿ ಹೊಂದಿಸಿದ ಕಾರ್ಬುರೇಟರ್ ಅಲ್ಲಿ ತುಸು ಗಾಢ ಮಿಶ್ರಣ ಕೊಡುವುದು ನಿಜ. ಆದರೆ ಕಪ್ಪು ಹೊಗೆ ಬರಲು ಅಷ್ಟು ಮಾತ್ರ ಸಾಲದು.

ಈಗ ಸ್ಕ್ರೂವಿನ ಸರದಿ. ಎಷ್ಟು ಸುತ್ತು ತಿರುಗಿಸುತ್ತಿದ್ದೀರಿ ಎಂದು ಬರೆದುಕೊಂಡು, ಎಂಜಿನ್ ಓಡುತ್ತಿರುವಾಗ ಅದನ್ನು ನಿಧಾನವಾಗಿ ಒಳಗೆ ತಿರುಗಿಸಿ. ತಳ ಮುಟ್ಟಿದ ಮೇಲೆ ಬಿಗಿಯಬೇಡಿ, ಮೊನೆ ಕೆಡುತ್ತದೆ. ಎಂಜಿನ್ ತಡವರಿಸಿ ನಿಲ್ಲಬೇಕು. ನಿಲ್ಲದಿದ್ದರೆ ಪೆಟ್ರೋಲ್ ಇನ್ನೂ ಬೇರೆ ದಾರಿಯಿಂದ ಬರುತ್ತಿದೆ, ಹಿಂದಕ್ಕೆ ಹೋಗಿ ಹುಡುಕಿ. ಮ್ಯಾನಿಫೋಲ್ಡ್ (ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಹೋಗುವ ಕೊಳವೆ) ಪ್ಯಾಕಿಂಗಿನಲ್ಲಾಗಲಿ ಬ್ರೇಕ್ ಬೂಸ್ಟರಿನ ಪೈಪಿನಲ್ಲಾಗಲಿ ಗಾಳಿ ಸೋರಿ ಐಡಲಿಂಗ್ ಕೆಟ್ಟಿದ್ದಾಗ, ಅದನ್ನು ಮುಚ್ಚಿಹಾಕಲು ಹಿಂದಿನವರು ಸ್ಕ್ರೂ ಹೊರಗೆ ತಿರುಗಿಸಿ ಪೆಟ್ರೋಲ್ ಹೆಚ್ಚಿಸಿರುವುದೂ ಉಂಟು. ಅದಕ್ಕಾಗಿ ಪೈಪುಗಳನ್ನು ಒಂದೊಂದಾಗಿ ಒತ್ತಿ ಹಿಡಿದು ಐಡಲಿಂಗ್ ಬದಲಾಗುವುದೇ ನೋಡಿ.

ರಿಪೇರಿಯ ನಂತರ ಪೆಟ್ರೋಲ್ ಬಂಕಿನ ಪಿಯುಸಿ ಕೇಂದ್ರದಲ್ಲಿ ಹೊಗೆ ಪರೀಕ್ಷೆ ಮಾಡಿಸಿ, ಸರ್ಟಿಫಿಕೇಟಿನ ಅಂಕಿಗಳನ್ನು ಓದಿ. ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಮಿಶ್ರಣ ಇನ್ನೂ ಗಾಢವಾಗಿದೆ. ಅದು ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಯಾವುದೋ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಪ್ಲಗ್‌ಗಳನ್ನು ಮತ್ತೊಮ್ಮೆ ಬಿಚ್ಚಬೇಕು.