ಬೀದರ್‌ನ ತರಗತಿಯಲ್ಲಿ ಪದಗಳ ಜಾಡು

ಬೀದರ್‌ನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ನನಗೆ ಪದಮೂಲದ ಗೀಳು ಹತ್ತಿಸಿದವರು ಇಲ್ಲಿನ ಮಕ್ಕಳೇ. ಒಂದೇ ಬೆಂಚಿನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಮನೆಮಾತಿನವರು ಕುಳಿತಿರುತ್ತಾರೆ. ಅರ್ಥದ ಪಟ್ಟಿಯನ್ನು ಬಾಯಿಪಾಠ ಮಾಡಿಸಿ ಇಂಥ ತರಗತಿಯನ್ನು ಮಂಕಾಗಿಸಲು ನನಗೆ ಮನಸ್ಸಿಲ್ಲ.

ಮೊದಲು ನಮ್ಮ ಕಡೆಯಿಂದ ಹೋದ ಪದಗಳನ್ನೇ ಎತ್ತಿಕೊಳ್ಳುತ್ತೇನೆ. ಹಲಗೆಯ ಮೇಲೆ ‘ಶುಗರ್’ ಎಂದು ಬರೆದು, ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದರೆ ಸಕ್ಕರೆ, ಶಕ್ಕರ್, ಸಾಖರ, ಚಕ್ಕೆರ ಎಲ್ಲವೂ ಬರುತ್ತವೆ. ಸಂಸ್ಕೃತದ ಶರ್ಕರಾ ಪರ್ಷಿಯನ್ನಿನಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಯುರೋಪಿನ ಭಾಷೆಗಳನ್ನು ಹಾದು ಇಂಗ್ಲಿಷ್ ಸೇರಿತು. ಅರ್ಧ ದಾರಿ ಮಕ್ಕಳ ಬಾಯಲ್ಲೇ ಸಿಕ್ಕಿತಲ್ಲ!

‘ಆರೆಂಜ್’ ಇನ್ನೂ ಸ್ವಾರಸ್ಯದ್ದು. ಉರ್ದು ಮನೆಮಾತಿನವರಿಗೆ ನಾರಂಗಿ ಗೊತ್ತಿರುವುದರಿಂದ, ಮೊದಲಿನ ‘ನ’ ಎಲ್ಲಿ ಹೋಯಿತೆಂದು ಅವರೇ ಕೇಳುತ್ತಾರೆ. ಯುರೋಪಿನ ದಾರಿಯಲ್ಲಿ, ‘ಒಂದು’ ಎಂಬರ್ಥದ ಹಿಂದಿನ ಪದದ ಕೊನೆಯ ‘ನ’ದೊಳಗೆ ಅದು ಕರಗಿಹೋಯಿತು. ಸ್ಪೇನಿನವರಾದರೋ ಅದನ್ನು ಇನ್ನೂ ಉಳಿಸಿಕೊಂಡಿದ್ದಾರೆ. ಇಂಗ್ಲಿಷಿನೊಳಗೇ ‘ಎ ನೇಪ್ರನ್’ ಎಂಬುದು ‘ಆ್ಯನ್ ಏಪ್ರನ್’ ಆಯಿತು. ಇದಿಷ್ಟು ಹೇಳಿದ ಮೇಲೆ ‘ಎ’, ‘ಆ್ಯನ್’ಗಳ ನಿಯಮವನ್ನು ನಾನು ಬೇರೆಯಾಗಿ ಕಲಿಸುವುದಿಲ್ಲ, ಅಲ್ಲಿಂದಲೇ ಎಳೆದುಕೊಳ್ಳುತ್ತೇನೆ.

ತೊಗರಿ, ಹೆಸರು, ಉದ್ದು ಬೆಳೆಯುವ ಮನೆಗಳ ಮಕ್ಕಳಿಗೆ ‘ಪಲ್ಸ್’ ಕೊಟ್ಟು ನೋಡಬೇಕು. ಬೇಳೆಕಾಳು ಎಂದೂ ಅರ್ಥ, ನಾಡಿ ಎಂದೂ ಅರ್ಥ. ಒಂದೇ ಪದಕ್ಕೆ ಎರಡರ್ಥ ಎಂದುಕೊಳ್ಳುತ್ತಾರೆ. ಅಲ್ಲ, ಮೂಲದಲ್ಲಿ ಇವು ಎರಡು ಪದಗಳು. ಕಾಳಿನದು ಲ್ಯಾಟಿನ್ನಿನ ‘ಪುಲ್ಸ್’, ರೋಮನ್ನರ ಗಟ್ಟಿ ಅಂಬಲಿ. ನಾಡಿಯದು ‘ಪುಲ್ಸುಸ್’, ಬಡಿತ. ಸವೆದು ಸವೆದು ಒಂದೇ ರೂಪಕ್ಕೆ ಬಂದಿವೆ.

ನಿಘಂಟಿನಲ್ಲಿ ಪದಮೂಲದ ಸಾಲು ನೋಡದೆ ಯಾವ ಕಥೆಯನ್ನೂ ತರಗತಿಗೆ ಒಯ್ಯುವುದಿಲ್ಲ. ಸೊಗಸಾದ ಕಥೆಯ ಮೇಲೆ ನನಗೆ ಹೆಚ್ಚು ಅನುಮಾನ. ‘ನ್ಯೂಸ್’ ನಾಲ್ಕು ದಿಕ್ಕುಗಳ ಮೊದಲಕ್ಷರ ಎಂಬ ಮಾತು ಶಿಕ್ಷಕರ ಕೊಠಡಿಯಲ್ಲೂ ಓಡಾಡುತ್ತದೆ. ಅದು ‘ಹೊಸ’ ಎಂಬ ಪದದ ಬಹುವಚನ, ಅಷ್ಟೇ. ‘ಸ್ಯಾಲರಿ’ಯ ಲ್ಯಾಟಿನ್ ರೂಪ ‘ಸಲಾರಿಯುಮ್’ನಲ್ಲಿ ಉಪ್ಪು ಇರುವುದು ನಿಜ. ಆದರೆ ರೋಮಿನ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಅಳೆದು ಕೊಡುತ್ತಿದ್ದರು ಎನ್ನಲು ಪುರಾವೆಯಿಲ್ಲ. ಮಕ್ಕಳಿಗೆ ಎರಡನ್ನೂ ಹೇಳುತ್ತೇನೆ, ಯಾವುದಕ್ಕೆ ಆಧಾರವಿದೆ, ಯಾವುದಕ್ಕಿಲ್ಲ ಎಂಬುದನ್ನು ಸೇರಿಸಿ.