ಜೂನ್ ಒಂದಕ್ಕೆ ಹುಟ್ಟದವನ 1980

ನನ್ನ ಶಾಲೆ ದಾಖಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಹುಟ್ಟಿದ ದಿನ 1-6-1980. ನಮ್ಮ ಕ್ಲಾಸಿನ ಅರ್ಧ ಹುಡುಗರದ್ದೂ ಅದೇ. ಸಾಲಿಗೆ ಹೆಸರು ಹಚ್ಚಲು ಹೋದಾಗ ಮಾಸ್ತರು ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಜೂನ್ 1 ಬರೆದುಕೊಂಡು ಒಳಗೆ ಕರೆಯುತ್ತಿದ್ದರು.

ನಿಜವಾದ ತಾರೀಖು ಯಾವುದು ಅಂತ ಅವ್ವನನ್ನು ಕೇಳಿದರೆ ತಾರೀಖು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾಳೆ. "ಗ್ರಾಣ ಹಿಡದಾಗ ನೀ ಹೊಟ್ಟ್ಯಾಗಿದ್ದಿ. ಮಣ್ಣೆತ್ತಿನ ಅಮಾಸಿ ಆಗಿ ವಾರ ಆಗಿದ್ದಿಲ್ಲ, ಗುರುವಾರ ಹುಟ್ಟಿದಿ. ಐದನೇ ದಿನ ಶೆಟಿಗೆವ್ವನ ಪೂಜಾಕ್ಕ ಕುಂತಿದ್ವಿ, ಅವತ್ತ ನವಲಗುಂದದಾಗ ಗೋಲಿಬಾರ್ ಆತು." ಹೋದ ವರ್ಷ ರಜೆಯಲ್ಲಿ ಇದನ್ನೆಲ್ಲ ಒಂದು ಹಾಳೆ ಮೇಲೆ ಬರೆದುಕೊಂಡೆ. ಒಂದೊಂದನ್ನೇ ತಾಳೆ ಹಾಕೋಣ ಅಂತ ಕೂತೆ.

ಗ್ರಹಣ ಸುಲಭವಾಯಿತು. 1980ರ ಫೆಬ್ರವರಿ 16, ಶನಿವಾರ, ಖಗ್ರಾಸ ಸೂರ್ಯಗ್ರಹಣ. ಅಂಕೋಲಾ, ಹುಬ್ಬಳ್ಳಿ, ರಾಯಚೂರು ಆ ನೆರಳಿನ ದಾರಿಯಲ್ಲೇ ಇದ್ದವು. ಮಧ್ಯಾಹ್ನವೇ ಕತ್ತಲಾಯಿತು. ವಿಜ್ಞಾನಿಗಳು ದೂರದಿಂದ ಬಂದು ನೋಡಿದ್ದನ್ನು ಬಸುರಿಯಾಗಿದ್ದ ಅವ್ವ ಮಾತ್ರ ನೋಡಲಿಲ್ಲ. ಅಜ್ಜಿ ಅವಳನ್ನು ಕೋಣೆಯಲ್ಲಿ ಕೂಡಿಸಿ, ಈಳಿಗೆಯನ್ನೂ ಮುಟ್ಟಲು ಬಿಟ್ಟಿರಲಿಲ್ಲ. ಅದರ ಬೇಸರ ಇನ್ನೂ ಹೋಗಿಲ್ಲ ಅವಳಿಗೆ.

ಎಡವಿದ್ದು ಅಮಾವಾಸ್ಯೆಯಲ್ಲಿ. ಮಣ್ಣೆತ್ತಿನ ಅಮಾವಾಸ್ಯೆ ಅಂದರೆ ಜ್ಯೇಷ್ಠದ ಅಮಾವಾಸ್ಯೆ. ಆ ವರ್ಷದ ಯುಗಾದಿ ಮಾರ್ಚ್ 17ಕ್ಕೆ. ಅಲ್ಲಿಂದ ಬೆರಳು ಮಡಚಿ ಎಣಿಸಿದರೆ ಜೂನ್ 12 ಬಂತು. ಹಾಗಾದರೆ ನಾನು ಜೂನ್ ಮೂರನೇ ವಾರದವನು, ಮಾಸ್ತರು ಹೆಚ್ಚೇನೂ ತಪ್ಪಿಲ್ಲ ಅಂದುಕೊಂಡೆ. ಆದರೆ ಗೋಲಿಬಾರ್ ಆಗಿದ್ದು ಜುಲೈನಲ್ಲಿ! ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಓಣಿಯ ಅಜ್ಜರೊಬ್ಬರು ಹಳೆಯ ರೌದ್ರಿ ಸಂವತ್ಸರದ ಪಂಚಾಂಗ ತೆಗೆದು ತೋರಿಸಿದರು. ಆ ವರ್ಷ ಜ್ಯೇಷ್ಠವೇ ಅಧಿಕ ಮಾಸ. ಎರಡು ಜ್ಯೇಷ್ಠ. ಮಣ್ಣೆತ್ತು ಮಾಡುವುದು ಎರಡನೆಯದರ ಕೊನೆಗೆ, ಅಂದರೆ ಜುಲೈ 12, ಶನಿವಾರ. ಅದಾದ ಮೇಲಿನ ಗುರುವಾರ ಜುಲೈ 17.

ಇದನ್ನು ಇನ್ನೊಂದು ಕಡೆಯಿಂದಲೂ ನೋಡಬೇಕಲ್ವಾ? ಧಾರವಾಡದ ಒಂದು ಗ್ರಂಥಾಲಯದಲ್ಲಿ ಹಳೆ ಪತ್ರಿಕೆಗಳ ಬೈಂಡ್ ಸಂಪುಟ ಕೇಳಿದೆ. ಇಲ್ಲೊಂದು ಮಾತು ನೆನಪಿಡಿ: ಪತ್ರಿಕೆ ಮೇಲಿನ ತಾರೀಖು ಘಟನೆಯ ತಾರೀಖಲ್ಲ, ಅದರ ಮರುದಿನದ್ದು. ನಾನೂ ಮೊದಲು 21ರ ಪತ್ರಿಕೆ ತಿರುವಿ, ಏನೂ ಸಿಗದೆ ಪೆಚ್ಚಾದೆ.

ಜುಲೈ 21, ಸೋಮವಾರ. ಮಲಪ್ರಭಾ ಕಾಲುವೆ ನೀರು ನೆಟ್ಟಗೆ ಬಾರದ ಹೊಲಕ್ಕೂ ಸರ್ಕಾರ ಅಭಿವೃದ್ಧಿ ಕರ ಹಾಕಿತ್ತು. ಹತ್ತಿಗೆ ಬೆಲೆ ಬಿದ್ದಿತ್ತು. ರೈತರು ತಹಶೀಲ್ದಾರ್ ಕಚೇರಿಗೆ ಮುತ್ತಿಗೆ ಹಾಕಿದರು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಎಂಬ ರೈತ ಗುಂಡಿಗೆ ಬಲಿಯಾದರು. ಅದೇ ದಿನ ನರಗುಂದದಲ್ಲೂ ಗೋಲಿಬಾರ್ ಆಯಿತು, ಅಲ್ಲಿ ರೈತರ ಜತೆ ಪೊಲೀಸರ ಜೀವವೂ ಹೋಯಿತು. ಆಗ ಗುಂಡೂರಾವ್ ಮುಖ್ಯಮಂತ್ರಿ. ರಾಜ್ಯ ರೈತ ಸಂಘ ಹುಟ್ಟಿದ್ದು ಈ ಸಿಟ್ಟಿನಿಂದಲೇ. ಈಗಲೂ ಜುಲೈ 21 ಬಂದರೆ ನವಲಗುಂದದ ವೀರಗಲ್ಲಿಗೆ ಹಾರ ಬೀಳುತ್ತದೆ.

ಓದುತ್ತಾ ಓದುತ್ತಾ ಅವ್ವ ಅರ್ಧಕ್ಕೇ ಬಿಡುತ್ತಿದ್ದ ಕತೆ ಅರ್ಥವಾಯಿತು. ಅವ್ವನ ತವರಿನಲ್ಲಿ ನನ್ನ ಐದನೇ ದಿನದ ಪೂಜೆ. ಅಜ್ಜ ಬೆಳಿಗ್ಗೆಯೇ ಎದ್ದು ಎಲ್ಲರ ಜತೆ ನವಲಗುಂದಕ್ಕೆ ಹೋಗಿದ್ದ. ರಾತ್ರಿ ಎಷ್ಟೋ ಹೊತ್ತಿಗೆ ಹೊಲದ ದಾರಿ ಹಿಡಿದು ನಡೆದು ಬಂದ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲವಂತೆ. ಶೆಟಿಗೆವ್ವ ಹಣೆಬರಹ ಬರೆಯಲಿ ಅಂತ ಇಟ್ಟಿದ್ದ ದೀಪಕ್ಕೆ ಎಣ್ಣೆ ಹಾಕುತ್ತಾ ಹೆಂಗಸರು ಅವನ ದಾರಿ ಕಾಯುತ್ತಿದ್ದರು. ನಾನು ಹಿಂದೆಲ್ಲ ಇದನ್ನು ಸುಮ್ನೆ ಅಜ್ಜನ ಚಪ್ಪಲಿ ಕಳೆದ ಕತೆ ಅಂದುಕೊಂಡಿದ್ದೆ. 21ರಿಂದ ಹಿಂದಕ್ಕೆ ಐದು ದಿನ ಎಣಿಸಿದೆ. 17ನೇ ತಾರೀಖು, ಗುರುವಾರ. ಕೂಡಿಬಂತು.

ಅದೇ ಸಂಪುಟದಲ್ಲಿ ಇನ್ನೊಂದು ಸುದ್ದಿ ಕಂಡು ಹೊಟ್ಟೆ ಉರಿಯಿತು. ಜುಲೈ 18ರ ಬೆಳಿಗ್ಗೆ ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ರಾಕೆಟ್ ಹಾರಿ, 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತ್ತು. ಆ ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಒಂದೇ ಒಂದು ದಿನ ತಡೆದು ಹುಟ್ಟಿದ್ದರೆ ಹೇಳಿಕೊಳ್ಳಲು ಎಷ್ಟು ಚೆನ್ನಾಗಿತ್ತು! ಅವ್ವನನ್ನು ಪೀಡಿಸಿದೆ: ಶುಕ್ರವಾರ ಇರಬಹುದಾ? "ಗುರುವಾರ ಅಂದ್ರ ಗುರುವಾರ" ಅಂದಳು.

ಸಮಾಧಾನಕ್ಕೆ ತೊಟ್ಟಿಲು ಸಿಕ್ಕಿತು. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿದರಂತೆ, ಅಂದರೆ ಜುಲೈ 29. ಅವತ್ತೇ ಮಾಸ್ಕೋದಲ್ಲಿ ಭಾರತ ಸ್ಪೇನನ್ನು 4-3ರಿಂದ ಸೋಲಿಸಿ ಹಾಕಿ ಚಿನ್ನ ಗೆದ್ದಿತ್ತು. ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಆಮೇಲೆ ಒಲಿಂಪಿಕ್ಸ್ ಹಾಕಿಯಲ್ಲಿ ನಮಗೆ ಚಿನ್ನ ಬಂದಿಲ್ಲ. ಅದಕ್ಕೆ ನಾನು ಹೊಣೆಯಲ್ಲ.

ಊರಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. ಜೂನ್ ಒಂದರ ಗೆಳೆಯನೊಬ್ಬ ಮರುದಿನವೇ ಬಂದು ತನ್ನದನ್ನೂ ಹುಡುಕಿಕೊಡು ಅಂದ. ಅವರವ್ವ ಏನು ಹೇಳುತ್ತಾಳೆ ಅಂತ ಕೇಳಿದೆ.

"ನಮ್ಮ ಕರೇ ಎಮ್ಮಿ ಈದ ಮರುದಿನ ಅಂತಾಳ."