ಬಡ್ಡಿ ಗೊತ್ತು, ದರ ಎಷ್ಟು?

ಕೈಸಾಲ ಕೊಡುವವರು ವರ್ಷದ ದರ ಹೇಳುವುದು ಕಡಿಮೆ. ಅಂಗಡಿಗೆ ಫ್ರಿಜ್ ತರಲು ನಾನು ಕೇಳಿದಾಗಲೂ ಅಷ್ಟೇ. "40,000 ಅಂತ ಬರೆದುಕೊಳ್ಳೋಣ. ಬಡ್ಡಿ 6,400 ಮುರಿದುಕೊಂಡು ಕೊಡ್ತೀನಿ. 8 ತಿಂಗಳಾದ ಮೇಲೆ 40,000 ತಂದುಕೊಡಿ, ಸಾಕು" ಎಂದರು.

ಶಾಲೆಯ ಸೂತ್ರ ಎಲ್ಲರಿಗೂ ಗೊತ್ತಿರುವುದೇ:

ಬಡ್ಡಿ = ಅಸಲು × ಅವಧಿ × ದರ ÷ 100

ನನಗೆ ಬೇಕಿದ್ದದ್ದು ದರ. ಅದನ್ನು ಒಂಟಿ ಮಾಡಬೇಕು. ಮೊದಲು ಎರಡೂ ಕಡೆ 100ರಿಂದ ಗುಣಿಸಿದೆ. ಆಮೇಲೆ ಎರಡೂ ಕಡೆ (ಅಸಲು × ಅವಧಿ)ಯಿಂದ ಭಾಗಿಸಿದೆ.

ದರ = 100 × ಬಡ್ಡಿ ÷ (ಅಸಲು × ಅವಧಿ)

ಆ ಕಡೆ ಹೋದರೆ ಗುಣಾಕಾರ ಭಾಗಾಕಾರವಾಗುತ್ತದೆ ಎಂದು ಬಾಯಿಪಾಠ ಮಾಡಿಸುತ್ತಾರೆ ಅಲ್ವಾ? ನನಗದು ಹಿಡಿಸುವುದಿಲ್ಲ. ಎರಡೂ ಕಡೆ ಒಂದೇ ಕೆಲಸ ಮಾಡುತ್ತಾ ಹೋದರೆ ಸುಮ್ನೆ ನೆನಪಿಟ್ಟುಕೊಳ್ಳುವ ಗೋಜೇ ಇಲ್ಲ.

ದರ ವರ್ಷದ್ದಾದರೆ ಅವಧಿಯೂ ವರ್ಷದಲ್ಲೇ ಇರಬೇಕು. 8 ತಿಂಗಳೆಂದರೆ 2/3 ವರ್ಷ. ಅಸಲು 40,000 ಎಂದು ಹಾಕಿದರೆ ದರ 24 ಬಂತು. ಅಂದರೆ ತಿಂಗಳಿಗೆ ನೂರಕ್ಕೆ 2 ರೂಪಾಯಿ. ಆದರೆ ಕೈಗೆ ಬರುವುದು 33,600 ಮಾತ್ರ. ನಿಜವಾದ ಅಸಲು ಅದೇ ತಾನೇ? ಅದನ್ನು ಹಾಕಿದೆ: 6,40,000 ÷ 22,400. ದರ 28.57ಕ್ಕೆ ಏರಿತು!

ಬ್ಯಾಂಕಿನಲ್ಲಿ ಒಡವೆ ಸಾಲಕ್ಕೆ ಶೇಕಡಾ 12 ಎಂದಿದ್ದರು. 8 ತಿಂಗಳಿಗೆ ಅದೇ 40,000 ಕಟ್ಟುವುದಾದರೆ ಅಲ್ಲಿ ಎಷ್ಟು ಸಾಲ ತೆಗೆಯಬಹುದು? ಈ ಲೆಕ್ಕ ಸ್ವಲ್ಪ ತೊಡಕಿನದು.

ಮೊತ್ತ = ಅಸಲು + ಅಸಲು × ಅವಧಿ × ದರ ÷ 100

ಅಸಲು ಎರಡು ಜಾಗದಲ್ಲಿ ಕೂತಿದೆ. ಒಂದನ್ನು ಮಾತ್ರ ಆಚೆ ಸಾಗಿಸಿದರೆ ಇನ್ನೊಂದು ಇಲ್ಲೇ ಉಳಿಯುತ್ತದೆ. ಅದಕ್ಕೇ ಮೊದಲು ಎರಡೂ ಕಡೆ 100ರಿಂದ ಗುಣಿಸಿ, ಬಲಗಡೆ ಅಸಲನ್ನು ಆವರಣದಿಂದ ಹೊರಗೆ ತೆಗೆದೆ.

100 × ಮೊತ್ತ = ಅಸಲು × (100 + ಅವಧಿ × ದರ)

ಈಗ ಅಸಲು ಒಂದೇ ಕಡೆ. ಆವರಣದಿಂದ ಭಾಗಿಸಿದರೆ ಆಯಿತು:

ಅಸಲು = 100 × ಮೊತ್ತ ÷ (100 + ಅವಧಿ × ದರ)

2/3 × 12 ಎಂದರೆ 8. ಹಾಗಾಗಿ 40,00,000 ÷ 108, ಸುಮಾರು 37,037. ತಾಳೆ ನೋಡಿದೆ: 37,037ಕ್ಕೆ ಶೇಕಡಾ 8 ಎಂದರೆ 2,963, ಕೂಡಿದರೆ 40,000. ವಾಪಸ್ ಕಟ್ಟುವ ದುಡ್ಡು ಅಷ್ಟೇ, ಕೈಗೆ ಸಿಗುವುದು ಮೂರೂವರೆ ಸಾವಿರದಷ್ಟು ಜಾಸ್ತಿ. ಬ್ಯಾಂಕು ತಿಂಗಳು ತಿಂಗಳು ಬಡ್ಡಿಯನ್ನು ಅಸಲಿಗೆ ಸೇರಿಸಿದರೆ ಸ್ವಲ್ಪ ವ್ಯತ್ಯಾಸ ಬರುತ್ತದೆ, ಆದರೂ ಕೈಸಾಲದ ದರದ ಹತ್ತಿರ ಬರುವ ಮಾತಲ್ಲ. ಒಡವೆ ಇಟ್ಟೇ ಸಾಲ ತಂದೆ.

ತಿಂಗಳ ಕಂತಿನ ಸಾಲಕ್ಕೆ ಮಾತ್ರ ಈ ಸೂತ್ರ ಹಾಕಬೇಡಿ. ಅಲ್ಲಿ ಪ್ರತಿ ಕಂತಿಗೂ ಅಸಲು ಇಳಿಯುತ್ತಾ ಹೋಗುತ್ತದೆ, ನಿಜವಾದ ದರ ಇದರಲ್ಲಿ ಬರುವುದಕ್ಕಿಂತ ಜಾಸ್ತಿ ಇರುತ್ತದೆ.